ಒಂಬತ್ತು ಸಾವಿರದ ವರ್ಷ

ಕಳೆದ ತಿಂಗಳು ಅಕ್ಕನ ಮಗಳ ಮದುವೆಗೆ ಸೀರೆ ತರಲು ದೊಡ್ಡಬಳ್ಳಾಪುರಕ್ಕೆ ಹೋಗಿದ್ದೆವು. ಅಂಗಡಿಗಿಂತ ಮಗ್ಗದ ಮನೆಯಲ್ಲೇ ಕೊಂಡರೆ ಅಗ್ಗ ಎಂದು ಅಕ್ಕ ಹಟ ಹಿಡಿದಿದ್ದಳು. ನೇಕಾರರ ಬೀದಿಗೆ ತಿರುಗುತ್ತಿದ್ದಂತೆ ಮಷೀನ್ ಎಣ್ಣೆಯೂ ಹೊಸ ರೇಷ್ಮೆಯೂ ಕಲೆತ ವಾಸನೆ ಮೂಗಿಗೆ ಬಡಿಯಿತು. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಅದರ ಅಗತ್ಯ ಬೀಳಲಿಲ್ಲ. ಕೊರೊನಾ ಬರುವುದಕ್ಕೆ ಮುಂಚೆ, ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯವರೆಗೆ, ನಾನು ಆ ವಾಸನೆಯ ನಡುವೆಯೇ ಓಡಾಡಿ ಸಂಬಳ ತೆಗೆದುಕೊಂಡವಳು. ಅಕ್ಕ ಸೀರೆ ಬಿಡಿಸಿ ಬಿಡಿಸಿ ನೋಡುತ್ತಿದ್ದ ಎರಡು ಗಂಟೆ ನನ್ನ ತಲೆಯಲ್ಲಿ ಆ ವರ್ಷವೇ ಓಡುತ್ತಿತ್ತು.

ಆಗ ನಾನಿದ್ದ ಕಂಪನಿ ಬೆಂಗಳೂರಿನ ರಾಜಾಜಿನಗರದಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿತ್ತು. ಒಟ್ಟು ಆರು ಜನ. ಸೀರೆಯ ಅಂಚು, ಸೆರಗಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆದು, ಅದನ್ನು ಮಗ್ಗಕ್ಕೆ ತಿಳಿಯುವ ಹಾಗೆ ಮಾಡಿಕೊಡುವ ಸಾಫ್ಟ್‌ವೇರ್ ನಮ್ಮದು. ಹಿಂದೆಲ್ಲ ಈ ಕೆಲಸಕ್ಕೆ ಚೌಕುಳಿ ಕಾಗದದ ಮೇಲೆ ಚಿತ್ರ ಬರೆದು, ಅದರಂತೆ ಸಾವಿರಾರು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು, ಹಾರದ ಹಾಗೆ ಪೋಣಿಸಿ, ಮಗ್ಗದ ನೆತ್ತಿಯ ಮೇಲೆ ಕೂತು ಚಿತ್ರದಂತೆ ಎಳೆ ಎತ್ತುವ ಜಕಾರ್ಡ್ ಯಂತ್ರಕ್ಕೆ ಏರಿಸಬೇಕಿತ್ತು. ಎಲೆಕ್ಟ್ರಾನಿಕ್ ಜಕಾರ್ಡ್ ಬಂದ ಮೇಲೆ ರಟ್ಟು ಹೋಯಿತು, ಒಂದು ಪೆನ್‌ಡ್ರೈವ್ ಚುಚ್ಚಿದರೆ ಸಾಕು. ಆ ಪೆನ್‌ಡ್ರೈವಿನ ಒಳಗೆ ಇರುವುದನ್ನು ತಯಾರಿಸುವುದು ನಮ್ಮ ಸಾಫ್ಟ್‌ವೇರ್.

ಅದರ ಜೊತೆಗೆ ಹೆಬ್ಬೆರಳುದ್ದದ ಒಂದು ಕೀ ಕೊಡುತ್ತಿದ್ದೆವು. ಕೀ ಕಂಪ್ಯೂಟರಿಗೆ ಚುಚ್ಚಿದ್ದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತಿತ್ತು. ಬೆಲೆ ಮೂವತ್ತು ಸಾವಿರ. ಒಮ್ಮೆ ಕೊಂಡರೆ ಶಾಶ್ವತವಾಗಿ ಅವರದೇ. ಸಾಫ್ಟ್‌ವೇರಿಗೆ ನಾವೊಂದು ಚಂದದ ಹೆಸರಿಟ್ಟಿದ್ದೆವು, ಆದರೆ ಊರಿನಲ್ಲಿ ಯಾರೂ ಆ ಹೆಸರು ಹೇಳಿದ್ದನ್ನು ನಾನು ಕೇಳಲಿಲ್ಲ. ಎಲ್ಲರೂ ‘ನಂಜುಂಡಣ್ಣನ ಕೀ’ ಅನ್ನುತ್ತಿದ್ದರು.

ನಂಜುಂಡಣ್ಣ ನಮ್ಮ ಕಾಗದಪತ್ರಗಳಲ್ಲಿ ಡಿಸ್ಟ್ರಿಬ್ಯೂಟರ್. ಊರಿಗೆ ಅವರು ಮಗ್ಗದ ಸಾಮಾನಿನ ಅಂಗಡಿಯವರು. ಲಾಳಿ, ಕಂಡಿಕೆ, ನೂಲು, ಸ್ಪ್ರಿಂಗು, ಬೆಲ್ಟು, ಎಣ್ಣೆ ಎಲ್ಲ ಮಾರುತ್ತಿದ್ದರು. ವಯಸ್ಸು ಐವತ್ತೈದರ ಆಸುಪಾಸು. ಇಪ್ಪತ್ತು ವರ್ಷ ತಾವೇ ಮಗ್ಗ ನಡೆಸಿ ಆಮೇಲೆ ಅಂಗಡಿ ಹಾಕಿದವರು. ಅವರ ಮೂಲಕ ಮಾರಾಟವಾದ ಪ್ರತಿ ಕೀಗೂ ಹತ್ತು ಸಾವಿರ ಅವರಿಗೆ ಹೋಗುತ್ತಿತ್ತು. ನಮ್ಮ ಮಾಲೀಕರಾದ ಪ್ರಸಾದ್ ಸರ್ ಅವರ ಕಣ್ಣು ಬಿದ್ದದ್ದು ಆ ಹತ್ತು ಸಾವಿರದ ಮೇಲೆ.

ಪ್ರಸಾದ್ ಸರ್ ಕೆಟ್ಟವರೇನಲ್ಲ. ಅವರ ಯೋಚನೆ ಹೀಗಿತ್ತು: ಮೂವತ್ತು ಸಾವಿರ ಒಮ್ಮೆಗೇ ಕೊಡುವ ಶಕ್ತಿ ಸಣ್ಣ ನೇಕಾರರಿಗೆ ಇಲ್ಲ. ನಡುವಿನವರನ್ನು ತೆಗೆದು, ಕೀಯನ್ನೂ ತೆಗೆದು, ಇಂಟರ್ನೆಟ್ಟಿನ ಮೂಲಕವೇ ವರ್ಷಕ್ಕೆ ಒಂಬತ್ತು ಸಾವಿರದ ಲೈಸೆನ್ಸ್ ಕೊಟ್ಟರೆ ಎರಡು ಮಗ್ಗದವನೂ ಕೊಳ್ಳುತ್ತಾನೆ. ವರ್ಷ ವರ್ಷ ದುಡ್ಡು ಬಂದರೆ ಕಂಪನಿಯೂ ನಿಲ್ಲುತ್ತದೆ. ಇದರಲ್ಲಿ ತಪ್ಪು ಹುಡುಕುವುದು ನನಗೆ ಆಗಲೂ ಕಷ್ಟವಾಗಿತ್ತು, ಈಗಲೂ ಕಷ್ಟವೇ. ನೇರ ಮಾರಾಟಕ್ಕೆ ಅವರು ಆರಿಸಿದ್ದು ನನ್ನನ್ನು. ನನ್ನ ತವರು ತೂಬಗೆರೆ. ಅಪ್ಪ ಅಮ್ಮನ ಜೊತೆ ಇದ್ದುಕೊಂಡು ದಿನಾ ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಬಂದುಹೋಗಬಹುದು, ರೂಮಿನ ಬಾಡಿಗೆ ಇಲ್ಲ. ಒಂದು ವರ್ಷದ ಮಟ್ಟಿಗೆ ಎಂದು ಹೇಳಿ ಕಳಿಸಿದರು.

ಯುಗಾದಿ ಕಳೆದ ವಾರ ನಂಜುಂಡಣ್ಣನ ಅಂಗಡಿಗೆ ಹೋದೆ. ಬಿಸಿಲಿಗೆ ಅಂಗಡಿಯ ತಗಡಿನ ಮಾಡು ಕಾದು ಒಳಗೆಲ್ಲ ಎಣ್ಣೆಯ ಝಳ. ಅವರು ದಾರದ ಉಂಡೆಯೊಂದನ್ನು ತಕ್ಕಡಿಯಲ್ಲಿಟ್ಟು ತೂಗುತ್ತಿದ್ದರು.

“ನಂಜುಂಡಣ್ಣ, ಈ ತಿಂಗಳಿಂದ ಕಂಪನಿಯವರೇ ನೇರವಾಗಿ ಮಾರ್ತಾರೆ. ಕೀ ನಿಲ್ಲಿಸ್ತಾ ಇದ್ದಾರೆ. ವರ್ಷಕ್ಕೆ ಒಂಬತ್ತು ಸಾವಿರ ಕಟ್ಟಿದ್ರೆ ಇಂಟರ್ನೆಟ್‌ನಲ್ಲೇ ಓಪನ್ ಆಗತ್ತೆ,” ಅಂದೆ. ಬಸ್ಸಿನಲ್ಲಿ ಇದೇ ವಾಕ್ಯವನ್ನು ಹತ್ತು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೆ.

ಅವರು ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ. “ಕಾಗದ ಬರೆಯೋದು ಬಿಟ್ಟು ನಿಮ್ಮನ್ನ ಕಳಿಸಿದ್ರಾ?”

“ಕಾಗದನೂ ಬರತ್ತೆ ಅಣ್ಣ.”

“ಯಾವೂರಮ್ಮ ನಿಮ್ದು?”

“ತೂಬಗೆರೆ. ಹೆಸರು ಶೈಲಾ.”

“ಸರಿ ಬಿಡಿ. ಅದಕ್ಕೇ ಕಳಿಸಿದಾರೆ.”

ಉಂಡೆಯನ್ನು ಕವರಿಗೆ ಹಾಕಿ ಗಿರಾಕಿಗೆ ಕೊಟ್ಟು, ನನಗೆ ಸ್ಟೂಲು ಎಳೆದುಕೊಟ್ಟರು. ಎದುರಿನ ಹೋಟೆಲಿನಿಂದ ಎರಡು ಟೀ ತರಿಸಿದರು. ಸಿಟ್ಟು ಮಾಡುತ್ತಾರೆ ಎಂದುಕೊಂಡು ಹೋಗಿದ್ದ ನನಗೆ ಆ ಟೀ ಕುಡಿಯುವುದೇ ಕಷ್ಟವಾಯಿತು.

“ಶೈಲಮ್ಮ, ಒಂದು ಮಾತು ಹೇಳ್ತೀನಿ, ನಿಮ್ಮ ಸಾಹೇಬ್ರಿಗೂ ಹೇಳಿ,” ಎಂದರು. “ಕೀಗೆ ಹತ್ತು ಸಾವಿರ ಕೊಡ್ತಿದ್ರಿ. ಮಾರಿದ್ದಕ್ಕೆ ಅಂತ ನೀವು ಬರ್ಕೊಂಡ್ರಿ. ಮಾರೋದೇನಮ್ಮ, ಅದೊಂದು ಮಧ್ಯಾಹ್ನದ ಕೆಲಸ. ಮಾರಿದ್ಮೇಲೆ ನಾಲ್ಕು ವರ್ಷ ಆ ಮನೆಗೆ ಹೋಗ್ಬೇಕಲ್ಲ, ನಾನು ದುಡ್ಡು ತಗೊಳ್ತಿದ್ದಿದ್ದು ಅದಕ್ಕೆ.”

“ಇನ್ಮೇಲೆ ಅದೂ ಬೇಕಾಗಲ್ಲ ಅಣ್ಣ. ಫೋನ್ ಮಾಡಿದ್ರೆ ಬೆಂಗಳೂರಿಂದಲೇ ಅವರ ಕಂಪ್ಯೂಟರ್ ಒಳಗೆ ನೋಡಿ ಸರಿ ಮಾಡ್ತಾರೆ.”

“ಕಂಪ್ಯೂಟರ್ ಒಳಗೆ ನೋಡ್ಬಹುದು,” ಎಂದರು ಅವರು. ಅಷ್ಟೇ ಹೇಳಿ ಲೋಟ ಕೆಳಗಿಟ್ಟರು.

ಅವರ ಬಳಿ ಮಾರಾಟವಾಗದ ಒಂದು ಕೀ ಉಳಿದಿತ್ತು. ವಾಪಸು ಬೇಕಾ ಎಂದು ಕೇಳಿದರು. ಪ್ರಸಾದ್ ಸರ್ ಅವರಿಗೆ ಫೋನ್ ಮಾಡಿದೆ, ಇಟ್ಟುಕೊಳ್ಳಲಿ ಎಂದರು. ನಂಜುಂಡಣ್ಣ ಅದನ್ನು ಅಂಗಡಿಯ ಕಂಪ್ಯೂಟರಿಗೇ ಚುಚ್ಚಿಬಿಟ್ಟರು.

ಆ ಬೇಸಿಗೆ ನಾನು ಬೀದಿ ಬೀದಿ ಸುತ್ತಿದೆ. ಮಗ್ಗದ ಮನೆಗಳಲ್ಲಿ ಮಾತಾಡುವುದು ಸುಲಭವಲ್ಲ. ಮಗ್ಗ ನಿಲ್ಲಿಸಿದರೆ ಅವರಿಗೆ ನಷ್ಟ, ನಡೆಯುತ್ತಿದ್ದರೆ ನನ್ನ ಮಾತು ಅವರಿಗೆ ಕೇಳದು. ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಕೂಗಿ ಸಂಜೆ ಹೊತ್ತಿಗೆ ಗಂಟಲು ಕಟ್ಟುತ್ತಿತ್ತು. ಕರೆಂಟ್ ಹೋದಾಗ ಇಡೀ ಬೀದಿ ಒಮ್ಮೆಗೇ ಸುಮ್ಮನಾಗುತ್ತಿತ್ತು, ನನಗೆ ವ್ಯಾಪಾರವಾಗುತ್ತಿದ್ದದ್ದು ಆಗಲೇ. ಜನ ಹೊರಗಿನ ಜಗಲಿಗೆ ಬಂದು ಕೂರುತ್ತಿದ್ದರು, ನಾನು ಲ್ಯಾಪ್‌ಟಾಪ್ ತೆರೆದು ತೋರಿಸುತ್ತಿದ್ದೆ. ಒಂಬತ್ತು ಸಾವಿರ ಎಂದರೆ ಕಣ್ಣು ಅರಳುತ್ತಿತ್ತು. ಮೊದಲ ಮೂರು ತಿಂಗಳಲ್ಲಿ ನಲವತ್ತು ಮನೆಗೆ ಕೊಟ್ಟೆ. ನಂಜುಂಡಣ್ಣ ಒಂದು ವರ್ಷಕ್ಕೂ ಅಷ್ಟು ಮಾರಿರಲಿಲ್ಲ. ಪ್ರಸಾದ್ ಸರ್ ಆಫೀಸಿನಲ್ಲಿ ಎಲ್ಲರಿಗೂ ಜಾಮೂನು ಹಂಚಿದರಂತೆ.

ಆ ನಲವತ್ತರಲ್ಲಿ ಯಶೋದಮ್ಮ ಒಬ್ಬರು. ಗಂಡನಿಗೆ ಬೆನ್ನುಮೂಳೆಯ ಆಪರೇಷನ್ ಆದ ಮೇಲೆ ಮೂರು ಮಗ್ಗಗಳನ್ನು ಅವರೇ ನಡೆಸುತ್ತಿದ್ದರು. ಎರಡು ಹಳೆಯ ರಟ್ಟಿನವು, ಒಂದಕ್ಕೆ ಮಾತ್ರ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಾನಿಕ್ ಜಕಾರ್ಡ್ ಕೂರಿಸಿದ್ದರು. ಮನೆಮಾತು ತೆಲುಗು, ನನ್ನ ಜೊತೆ ಕನ್ನಡ. ರಂಗೋಲಿ ಹಾಕುವವರ ಬೆರಳು ಅವರದು. ಡಿಸೈನರ್ ಹತ್ತಿರ ಹೋಗಿ ಪ್ರತಿ ಅಂಚಿಗೂ ದುಡ್ಡು ಕೊಟ್ಟು ಬರೆಸುವ ಬದಲು ತಾವೇ ಬರೆಯಬೇಕು ಎಂಬ ಆಸೆ ಅವರಿಗೆ ಬಹಳ ದಿನದಿಂದ ಇತ್ತು. ಮೂವತ್ತು ಸಾವಿರ ಕೇಳಿ ಸುಮ್ಮನಾಗಿದ್ದರು.

ಲೆಕ್ಕ ಮಾತ್ರ ಚುರುಕು. “ನಾಲ್ಕು ವರ್ಷಕ್ಕೆ ಮೂವತ್ತಾರಾಯ್ತಲ್ಲಮ್ಮ, ಕೀಗಿಂತ ಜಾಸ್ತಿನೇ ಆಯ್ತು?” ಎಂದು ಕೇಳಿದ್ದರು.

“ಆದ್ರೆ ಈ ವರ್ಷ ಒಂಬತ್ತೇ ಅಲ್ವಾ ಯಶೋದಮ್ಮ? ಬೇಡ ಅನ್ನಿಸಿದ್ರೆ ಮುಂದಿನ ವರ್ಷ ನಿಲ್ಲಿಸಬಹುದು.”

“ಏನಾದ್ರೂ ಆದ್ರೆ ಯಾರನ್ನ ಕೇಳೋದು?”

“ಫೋನ್ ಮಾಡಿ ಸಾಕು. ನಾನಿದ್ದೀನಲ್ಲ.”

ಆ ಮಾತನ್ನು ನಾನು ಎಲ್ಲ ಮನೆಯಲ್ಲೂ ಹೇಳುತ್ತಿದ್ದೆ. ಅವರು ಅದನ್ನು ನಂಬಿ ದುಡ್ಡು ಕಟ್ಟಿದರು. ಎರಡು ವಾರದಲ್ಲಿ ನವಿಲಿನ ಒಂದು ಅಂಚು ಬರೆದರು. ಕತ್ತು ಬಳುಕಿಸಿ ಹಿಂದಕ್ಕೆ ನೋಡುವ ನವಿಲು. ಅಂಥದನ್ನು ನಮ್ಮ ಆಫೀಸಿನಲ್ಲಿ ಕುಳಿತ ಯಾರೂ ಬರೆದಿರಲಿಲ್ಲ. ಅದನ್ನು ನೋಡಿ ಬೆಂಗಳೂರಿನ ಒಂದು ಸೀರೆ ಅಂಗಡಿಯವರು ವರಮಹಾಲಕ್ಷ್ಮಿ ಹಬ್ಬದ ಹತ್ತು ದಿನ ಮೊದಲು ಕೈಸೇರುವ ಹಾಗೆ ಮೂವತ್ತು ಸೀರೆಗೆ ಆರ್ಡರ್ ಕೊಟ್ಟರು. ಒಂದೇ ಮಗ್ಗ, ದಿನಕ್ಕೆ ಒಂದು ಸೀರೆ. ಸರಿಯಾಗಿ ಆಗುವಷ್ಟೇ ದಿನಗಳಿದ್ದವು.

ಆಷಾಢ ಬಂತು. ಆ ವರ್ಷ ಮಳೆ ಜೋರಾಗಿ ಬರಲಿಲ್ಲ, ದಿನವಿಡೀ ಜಿಟಿಜಿಟಿ. ಕೆಸರಿನಲ್ಲಿ ಚಪ್ಪಲಿ ಎಳೆದುಕೊಂಡು ಓಡಾಡುತ್ತಿದ್ದೆ. ಒಂದು ಮಧ್ಯಾಹ್ನ ಯಶೋದಮ್ಮನ ಫೋನು.

“ಶೈಲಮ್ಮ, ಗೆರೆ ಬರ್ತಾ ಇದೆ. ನವಿಲಿನ ಕತ್ತಿನ ಮೇಲೆ. ನೀವು ಹೊಸದೇನೋ ಹಾಕಿಸಿದ್ರಲ್ಲ, ಅವತ್ತಿಂದ.”

ಹಿಂದಿನ ದಿನವೇ ನಮ್ಮವರು ಸಾಫ್ಟ್‌ವೇರಿನ ಹೊಸ ಆವೃತ್ತಿ ಕಳಿಸಿದ್ದರು. ಓಡಿದೆ. ಸೀರೆಯ ಎಡಗಡೆ ಅಂಚಿನಲ್ಲಿ, ನವಿಲಿನ ಕತ್ತನ್ನು ಸೀಳಿದ ಹಾಗೆ, ಕೂದಲೆಳೆಯಷ್ಟು ತೆಳುವಾದ ಒಂದು ಗೆರೆ ಉದ್ದಕ್ಕೂ ಓಡಿತ್ತು. ದೂರದಿಂದ ಕಾಣುವುದಿಲ್ಲ. ಆದರೆ ಸೀರೆ ಕೊಳ್ಳುವವರು ದೂರದಿಂದ ನೋಡಿ ಕೊಳ್ಳುವುದಿಲ್ಲ.

ಆಫೀಸಿನ ವಿನಯ್‌ಗೆ ಫೋನ್ ಹಚ್ಚಿದೆ. ಸಾಫ್ಟ್‌ವೇರ್ ಬರೆದವನೇ ಅವನು. ಬೆಂಗಳೂರಿನಿಂದಲೇ ಯಶೋದಮ್ಮನ ಕಂಪ್ಯೂಟರ್ ತೆರೆದು ನೋಡಿದ. “ಫೈಲ್ ಕರೆಕ್ಟಾಗಿದೆ ಶೈಲಾ. ಒಂದು ಚುಕ್ಕೆನೂ ತಪ್ಪಿಲ್ಲ. ಆದ್ರೂ ಹಳೇ ವರ್ಷನ್ ಹಾಕಿ ಕೊಡ್ತೀನಿ ನೋಡು,” ಎಂದ. ಹಾಕಿದ. ಮರುದಿನ ಬೆಳಿಗ್ಗೆ ಗೆರೆ ಇರಲಿಲ್ಲ. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಮಧ್ಯಾಹ್ನ ಮತ್ತೆ ಬಂತು. ಇನ್ನೊಮ್ಮೆ ಎಲ್ಲ ಅಳಿಸಿ ಹೊಸದಾಗಿ ಹಾಕಿದ. ಬೆಳಿಗ್ಗೆ ಚೆನ್ನಾಗಿತ್ತು, ಊಟದ ಹೊತ್ತಿಗೆ ಮತ್ತೆ ಗೆರೆ. ಹೀಗೆ ಎಂಟು ದಿನ ಹೋಯಿತು. ಎಂಟು ಸೀರೆಗಳು ಅರ್ಧ ಚೆನ್ನಾಗಿ, ಅರ್ಧ ಗೆರೆ ಬಿದ್ದು ಮೂಲೆ ಸೇರಿದವು. ಕಂಪ್ಯೂಟರಿನಲ್ಲಿ ತಪ್ಪಿಲ್ಲ ಎಂದು ವಿನಯ್ ಹೇಳುತ್ತಿದ್ದ, ಸೀರೆಯಲ್ಲಿ ಗೆರೆ ಇದೆ ಎಂದು ಯಶೋದಮ್ಮ ಹೇಳುತ್ತಿದ್ದರು, ಇಬ್ಬರೂ ಹೇಳುತ್ತಿದ್ದದ್ದು ನಿಜ. ನಡುವೆ ನಿಂತ ನನಗೆ ಕಂಪ್ಯೂಟರೂ ಅರ್ಧ ಗೊತ್ತು, ಮಗ್ಗವೂ ಅರ್ಧ ಗೊತ್ತು.

“ನಂಜುಂಡಣ್ಣನ್ನ ಒಂದ್ಸಲ ಕರೆಯೋಣ್ವಾ?” ಎಂದೆ ಒಂಬತ್ತನೆಯ ದಿನ.

ಯಶೋದಮ್ಮ ತಲೆಯಾಡಿಸಿದರು. “ಬೇಡಮ್ಮ. ಎರಡು ವರ್ಷ ಅವರ ಹತ್ರ ಬೆಲೆ ಕೇಳಿ ಕೇಳಿ ಬಂದೋಳು ನಾನು. ಕಂತು ಮಾಡ್ಕೊಡ್ತೀನಿ ತಗೋ ಅಂದಿದ್ರು. ಆಮೇಲೆ ಅವರನ್ನ ಬಿಟ್ಟು ನಿಮ್ಮ ಹತ್ರ ತಗೊಂಡೆ. ಈಗ ಯಾವ ಮುಖ ಇಟ್ಕೊಂಡು ಕರೀಲಿ?”

ನನಗೂ ಅದೇ ನಾಚಿಕೆ ಇತ್ತು. ಆದರೆ ನಾಚಿಕೆ ಎಂದು ಕೂತರೆ ನಿಲ್ಲುವುದು ನನ್ನ ಮನೆಯ ಮಗ್ಗವಲ್ಲ, ಅವರದು. ಕೊಡೆ ಹಿಡಿದು ಅಂಗಡಿಗೆ ಹೋದೆ. ನಂಜುಂಡಣ್ಣ ನನ್ನ ಮಾತು ಪೂರ್ತಿ ಕೇಳಿದರು.

“ಮಾರಿದ್ದು ನೀವು. ನಾನ್ಯಾಕಮ್ಮ ಬರ್ಲಿ?”

ಕೊಡೆ ಮಡಚಿ ಅಲ್ಲೇ ನಿಂತೆ. ಅವರು ಅಂಗಡಿ ಮುಂದಿನ ಮಳೆ ನೋಡುತ್ತ ಕೇಳಿದರು, “ಗೆರೆ ಎರಡೂ ಅಂಚಿಗೆ ಬರುತ್ತಾ?”

“ಇಲ್ಲ, ಎಡಗಡೆ ಮಾತ್ರ.”

“ಬೆಳಿಗ್ಗೆ ಹೊತ್ತು?”

“ಬೆಳಿಗ್ಗೆ ಇರಲ್ಲ. ಹನ್ನೊಂದು ಹನ್ನೆರಡಕ್ಕೆ ಶುರುವಾಗತ್ತೆ.”

ಅವರು ಎದ್ದು ಗೋಡೆಯಲ್ಲಿದ್ದ ಸ್ಕ್ರೂಡ್ರೈವರನ್ನೂ ಕಪಾಟಿನಿಂದ ಒಂದು ಬಿಡಿ ತುಂಡನ್ನೂ ತೆಗೆದು ಜೇಬಿಗಿಟ್ಟುಕೊಂಡರು. “ಸಾಫ್ಟ್‌ವೇರಿಗೆ ಹೊತ್ತು ಗೊತ್ತಾಗಲ್ಲ ಶೈಲಮ್ಮ. ಬೆಳಿಗ್ಗೆಯಿಂದ ಓಡಿ ಓಡಿ ಬಿಸಿ ಆಗೋದು ಮ್ಯಾಗ್ನೆಟ್ಟು.”

ಯಶೋದಮ್ಮನ ಮನೆಯಲ್ಲಿ ಅವರು ಕಂಪ್ಯೂಟರಿನ ಕಡೆ ತಿರುಗಿಯೂ ನೋಡಲಿಲ್ಲ. ಏಣಿ ಹತ್ತಿ ಮಗ್ಗದ ಮೇಲಿನ ಪೆಟ್ಟಿಗೆಯ ಮುಚ್ಚಳ ತೆಗೆದು, ಮಗ್ಗ ಓಡಿಸಲು ಹೇಳಿ, ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು ನೋಡಿದರು. ಜಕಾರ್ಡಿನಲ್ಲಿ ಉದ್ದಕ್ಕೆ ಹಾಸಿದ ಎಳೆಗಳನ್ನು ಎತ್ತುವ ಕೊಕ್ಕೆಗಳಿರುತ್ತವೆ, ಅವನ್ನು ಹಿಡಿಯುವುದಕ್ಕೆ ಸಣ್ಣ ಸಣ್ಣ ಮ್ಯಾಗ್ನೆಟ್ಟುಗಳು. ಅದರಲ್ಲೊಂದು ಕಾದ ಮೇಲೆ ಸೋಲುತ್ತಿತ್ತು. ಸೋತಾಗ ಒಂದು ಎಳೆ ಏಳುತ್ತಿರಲಿಲ್ಲ, ಅದೇ ನವಿಲಿನ ಕತ್ತಿನ ಗೆರೆ. ಬೇರೆ ತುಂಡು ಹಾಕಿ ಕೆಳಗಿಳಿಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಹೊಸ ಆವೃತ್ತಿ ಬಂದ ದಿನವೇ ಅದು ಕೆಟ್ಟದ್ದು ಕೇವಲ ಕಾಕತಾಳೀಯ.

ಯಶೋದಮ್ಮ ಬಾಗಿಲ ಬಳಿ ನಿಂತು, “ನಂಜುಂಡಣ್ಣ, ನಾನು…” ಎಂದು ಶುರುಮಾಡಿದರು.

“ಆ ತುಂಡಿನ ದುಡ್ಡು ಆಮೇಲೆ ಕೊಡೀರಂತೆ,” ಎಂದು ಅವರು ಮಾತು ಕಡಿದರು. ಹೊರಡುವ ಮುಂಚೆ ಮಗ್ಗದ ಮೇಲಿದ್ದ ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. “ಇದನ್ನ ಬರೆದಿದ್ದು ನೀವೇನಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಳೆಯಲ್ಲೇ ಹೋದರು.

ಮೂವತ್ತರಲ್ಲಿ ಇಪ್ಪತ್ತೊಂದು ಸೀರೆ ಮಾತ್ರ ಹೊತ್ತಿಗೆ ತಲುಪಿದವು. ಬೆಂಗಳೂರಿನ ಅಂಗಡಿಯವರು ಅವನ್ನು ತೆಗೆದುಕೊಂಡರು, ಆದರೆ ದೀಪಾವಳಿಗೆ ಕೊಡುತ್ತೇವೆಂದಿದ್ದ ದೊಡ್ಡ ಆರ್ಡರನ್ನು ಬೇರೆಯವರಿಗೆ ಕೊಟ್ಟರು. ಯಶೋದಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಗೆರೆ ಬಿದ್ದ ಸೀರೆಗಳಲ್ಲಿ ಒಂದನ್ನು ನಾನು ಕೊಳ್ಳುತ್ತೇನೆ ಎಂದೆ. “ಬೇಡಮ್ಮ, ಅದನ್ನ ಉಟ್ಕೊಂಡು ನೀವು ಇನ್ನೊಬ್ಬರ ಮನೆಗೆ ಮಾರೋಕೆ ಹೋಗಬಾರದು,” ಎಂದರು. ತಮಾಷೆಗೆ ಹೇಳಿದರೋ ನಿಜವಾಗಿ ಹೇಳಿದರೋ ಗೊತ್ತಾಗಲಿಲ್ಲ.

ನಾನು ಆಫೀಸಿಗೆ ಉದ್ದದ ಇಮೇಲ್ ಬರೆದೆ. ಮಗ್ಗ ಗೊತ್ತಿರುವ ಒಬ್ಬರು ಊರಲ್ಲೇ ಇರಬೇಕು, ಇಲ್ಲವಾದರೆ ಆಗುವುದಿಲ್ಲ ಎಂದೆ. ಪ್ರಸಾದ್ ಸರ್ ಗಣೇಶನ ಹಬ್ಬ ಕಳೆದ ಮೇಲೆ ತಾವೇ ಬಂದರು. ಅವರನ್ನು ನಂಜುಂಡಣ್ಣನ ಅಂಗಡಿಗೆ ಕರೆದುಕೊಂಡು ಹೋದೆ. ಅದೇ ಸ್ಟೂಲಿನ ಮೇಲೆ ಕುಳಿತು, ಅದೇ ಹೋಟೆಲಿನ ಟೀ ಕುಡಿದು, ಪ್ರಸಾದ್ ಸರ್ ಕೇಳಿದರು, “ನೀವೇ ಹೇಳಿ ನಂಜುಂಡಪ್ಪನವರೇ, ಒಂದೊಂದು ಸಲ ಹೋಗಿ ನೋಡೋಕೆ ಎಷ್ಟು ತಗೋತೀರಿ?”

“ಸಲಕ್ಕೆ ಇಷ್ಟು ಅಂತ ಬೇಡ ಸಾರ್. ಆಮೇಲೆ ಸುಮ್ಮಸುಮ್ಮನೆ ಹೋಗಿ ಬಂದೆ ಅಂತ ನಿಮಗೆ ಅನುಮಾನ ಬರುತ್ತೆ. ನನ್ನದೊಂದು ಲೆಕ್ಕ ಇದೆ, ಕೇಳ್ತೀರಾ?”

“ಹೇಳಿ.”

“ಮಾರೋದು ನಿಮ್ಮ ಶೈಲಮ್ಮನೇ ಮಾರ್ಲಿ. ಮೊದಲನೇ ವರ್ಷದ ದುಡ್ಡು ಪೂರ್ತಿ ನಿಮ್ದು. ವರ್ಷ ತುಂಬಿದ ಮೇಲೆ ಯಾರ್ಯಾರು ಮತ್ತೆ ಕಟ್ತಾರೋ, ಅವರದ್ದರಲ್ಲಿ ಮೂರನೇ ಒಂದು ಪಾಲು ನನಗೆ ಕೊಡಿ. ಅವರು ಕಟ್ಟಲಿಲ್ಲ ಅಂದ್ರೆ ನನಗೆ ಒಂದು ಪೈಸಾನೂ ಬೇಡ.”

ನನಗೆ ಅದು ಕೇಳಿದ ಕೂಡಲೇ ಸರಿ ಅನ್ನಿಸಿತು. ವರ್ಷದ ಲೈಸೆನ್ಸ್ ಎಂದರೆ ಪ್ರತಿ ವರ್ಷವೂ ಹೊಸದಾಗಿ ಮಾರಿದಂತೆಯೇ. ಎರಡನೆಯ ಸಲ ಮಾರುವುದು ಜಾಹೀರಾತಿನಿಂದ ಆಗುವುದಿಲ್ಲ, ಮೊದಲನೆಯ ವರ್ಷ ಹೇಗೆ ಕಳೆಯಿತು ಎಂಬುದರಿಂದ ಆಗುತ್ತದೆ. ಮಗ್ಗದ ಸಾಮಾನು ಮಾರುವ ಮನುಷ್ಯ ಅದನ್ನು ನಮಗಿಂತ ಮುಂಚೆ ಕಂಡುಕೊಂಡಿದ್ದರು.

ಪ್ರಸಾದ್ ಸರ್ ಅವರ ಮುಖ ಮಾತ್ರ ಬಿಗಿಯಾಯಿತು. “ನಮ್ಮ ಲಾಭ ಇರೋದೇ ಎರಡನೇ ವರ್ಷದಲ್ಲಿ. ಅದರಲ್ಲೇ ಪಾಲು ಕೇಳಿದ್ರೆ ಹೇಗೆ? ಅದೂ ಅಲ್ಲದೆ, ವರ್ಷ ಮುಗಿದಾಗ ಕಂಪ್ಯೂಟರೇ ನೆನಪು ಮಾಡತ್ತೆ, ಅವರು ಮೊಬೈಲಲ್ಲೇ ದುಡ್ಡು ಕಟ್ತಾರೆ. ಆ ಕೆಲಸಕ್ಕೆ ನಡುವೆ ಯಾರೂ ಬೇಕಾಗಿಲ್ಲ.”

“ಹಂಗಾದ್ರೆ ಸರಿ ಸಾರ್,” ಎಂದರು ನಂಜುಂಡಣ್ಣ. ಇನ್ನೊಂದು ಗಿರಾಕಿ ಬಂದಿತ್ತು, ಎದ್ದು ಹೋದರು.

ಕಾರಿನಲ್ಲಿ ಪ್ರಸಾದ್ ಸರ್, “ಒಳ್ಳೆ ಮನುಷ್ಯ, ಆದ್ರೆ ಹಳೇ ಕಾಲದವರು,” ಎಂದರು. ನಾನು ಕಿಟಕಿಯಾಚೆ ನೋಡಿದೆ. ಆಗ ವಾದ ಮಾಡಬೇಕಿತ್ತು. ಸಂಬಳ ಕೊಡುವವರ ಜೊತೆ ವಾದ ಮಾಡುವ ಅಭ್ಯಾಸ ನನಗಿರಲಿಲ್ಲ.

ಚಳಿಗಾಲ ಸದ್ದಿಲ್ಲದೆ ಕಳೆಯಿತು. ಬೆಳಗಿನ ಮಂಜಿನಲ್ಲಿ ತೂಬಗೆರೆಯಿಂದ ಬರುವ ಬಸ್ಸು ದೀಪ ಹಾಕಿಕೊಂಡೇ ಬರುತ್ತಿತ್ತು. ಫೆಬ್ರವರಿ ಹೊತ್ತಿಗೆ ನಾನು ಮಾರಿದ್ದು ಅರವತ್ತೊಂದು. ಆ ತಿಂಗಳ ಕೊನೆಗೆ ಆಫೀಸಿನಿಂದ ಹೇಳಿದರು: ಯುಗಾದಿಗೆ ನಿನ್ನ ವರ್ಷ ಮುಗಿಯುತ್ತದೆ, ಬೆಂಗಳೂರಿಗೆ ವಾಪಸು ಬಾ. ಅದಕ್ಕೆ ಮುಂಚೆ ಎಲ್ಲ ಮನೆಗೂ ಹೋಗಿ ಮುಂದಿನ ವರ್ಷಕ್ಕೆ ಮುಂಗಡವಾಗಿ ಕಟ್ಟಿಸು. ನೀನು ಹೊರಡುವ ವಿಷಯ ಈಗಲೇ ಹೇಳಬೇಕಾಗಿಲ್ಲ.

ಮನೆ ಮನೆಗೆ ಹೋದೆ. ಬೆಲೆ ಕಡಿಮೆ ಮಾಡಿ ಎಂದು ಕೇಳಿದವರು ಬೆರಳೆಣಿಕೆ. ಬಹಳ ಜನ ಕೇಳಿದ್ದು ಒಂದೇ ಪ್ರಶ್ನೆ: “ಮುಂದಿನ ವರ್ಷನೂ ನೀವು ಇಲ್ಲೇ ಇರ್ತೀರಲ್ವಾ?”

ಮೊದಲ ದಿನ ಮೊದಲ ಮನೆಯಲ್ಲಿ “ಇರ್ತೀನಿ” ಎಂದೆ. ನಾಲಿಗೆ ತಡವರಿಸಲಿಲ್ಲ. ಆ ವಾರ ಹನ್ನೊಂದು ಮನೆಯಲ್ಲಿ ಅದೇ ಮಾತು ಹೇಳಿದೆ, ಹನ್ನೊಂದೂ ಜನ ದುಡ್ಡು ಕಟ್ಟಿದರು. ಹನ್ನೆರಡನೆಯದು ಯಶೋದಮ್ಮನ ಮನೆ.

ಅವರು ಮಗ್ಗ ನಿಲ್ಲಿಸಿ, ಕೈಯೊರಸಿಕೊಂಡು ಬಂದು ಎದುರಿಗೆ ಕೂತರು. ಅದೇ ಪ್ರಶ್ನೆ ಕೇಳಿದರು.

“ಇಲ್ಲ ಯಶೋದಮ್ಮ. ಯುಗಾದಿ ಆದ್ಮೇಲೆ ನಾನು ಬೆಂಗಳೂರಿಗೆ ಹೋಗ್ತೀನಿ. ಇಲ್ಲಿಗೆ ಬೇರೆ ಯಾರೂ ಬರಲ್ಲ.”

“ಹಂಗಾದ್ರೆ ಬೇಡಮ್ಮ,” ಎಂದರು. “ಇರ್ತೀನಿ ಅಂದಿದ್ರೆ ಕಟ್ಟಿರ್ತಿದ್ದೆ.”

“ಗೊತ್ತು.”

“ಅಂಚು ಬರೆಯೋದು ನಿಲ್ಲಿಸಲ್ಲ. ನಂಜುಂಡಣ್ಣನ ಅಂಗಡಿ ಕಂಪ್ಯೂಟರಲ್ಲಿ ಕೀ ಇದೆಯಲ್ಲ, ಮಧ್ಯಾಹ್ನದ ಹೊತ್ತು ಬಂದು ಬರ್ಕೊಳ್ಳಿ ಅಂದಿದಾರೆ. ನನ್ನ ನವಿಲನ್ನ ಇನ್ನೂ ನಾಲ್ಕು ಜನ ಕೇಳಿದಾರಂತೆ.” ಹೀಗೆ ಹೇಳಿ ಒಳಗೆ ಹೋಗಿ ಒಂದು ತಟ್ಟೆ ಚಿತ್ರಾನ್ನ ತಂದು ಮುಂದಿಟ್ಟರು. ತಿಂದೆ. ಅವರಿಗೆ ನಿಜ ಹೇಳಿದ್ದಕ್ಕೆ ನನಗೆ ಹೆಮ್ಮೆಯೇನೂ ಆಗಲಿಲ್ಲ. ಹಿಂದಿನ ಹನ್ನೊಂದು ಮನೆಗಳು ಎದುರಿಗೆ ಬಂದು ನಿಂತವು.

ಅಲ್ಲಿಂದ ಮುಂದೆ ಕೇಳಿದವರಿಗೆಲ್ಲ ನಿಜವನ್ನೇ ಹೇಳಿದೆ. ಉಳಿದ ನಲವತ್ತೊಂಬತ್ತು ಮನೆಗಳಲ್ಲಿ ಎಂಟು ಜನ ಕಟ್ಟಿದರು. ಒಟ್ಟು ಹತ್ತೊಂಬತ್ತು.

ಹೊರಡುವ ಹಿಂದಿನ ದಿನ ಸುಳ್ಳು ಹೇಳಿದ ಹನ್ನೊಂದು ಮನೆಯವರ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ನಂಜುಂಡಣ್ಣನ ಅಂಗಡಿಗೆ ಹೋದೆ. ಒಳಗಿನ ಕಂಪ್ಯೂಟರಿನ ಮುಂದೆ ಯಾರೋ ಇಬ್ಬರು ಹೆಂಗಸರು ಕೂತು ಹೂಬಳ್ಳಿ ಬರೆಯುತ್ತಿದ್ದರು. ನಡೆದದ್ದೆಲ್ಲ ಹೇಳಿದೆ. “ಇವರಿಗೆ ನಾನು ಇರ್ತೀನಿ ಅಂತ ಮಾತು ಕೊಟ್ಟಿದ್ದೀನಿ ಅಣ್ಣ. ಇರಲ್ಲ. ಏನಾದ್ರೂ ಆಗಿ ಕರೆದ್ರೆ ಒಂದ್ಸಲ ಹೋಗಿ ಬರ್ತೀರಾ? ಕೇಳೋ ಹಕ್ಕು ನನಗಿಲ್ಲ, ಆದ್ರೂ ಕೇಳ್ತಾ ಇದ್ದೀನಿ.”

ಅವರು ಕನ್ನಡಕ ಹಾಕಿಕೊಂಡು ಹಾಳೆಯ ಮೇಲೆ ಬೆರಳಾಡಿಸಿದರು. “ಇವರ ಮನೆಗೆ ಹೋದ ವಾರ ಹೋಗಿದ್ದೆ. ಇವರದ್ದು ಸಂಕ್ರಾಂತಿಗೆ. ಇವರು ತಿಂಗಳಿಗೆರಡು ಸಲ ಕರೀತಾರೆ.” ಹನ್ನೊಂದೂ ಹೆಸರು ಮುಗಿಸಿ ಹಾಳೆಯನ್ನು ನನಗೇ ವಾಪಸು ಕೊಟ್ಟರು.

“ವರ್ಷ ಪೂರ್ತಿ ಹೋಗ್ತಿದ್ರಾ?”

“ಮತ್ತೆ? ನೀವು ಇರ್ತೀರಾ ಇಲ್ವಾ ಅಂತ ಅವರು ಸುಮ್ನೆ ಕೇಳಿರ್ತಾರಮ್ಮ. ಮಗ್ಗ ನಿಂತ್ರೆ ಅವರು ಫೋನ್ ಮಾಡೋದು ನನಗೆ. ಆಮೇಲೆ ಕಟ್ಟಿದ್ರಲ್ಲ ಎಂಟು ಜನ, ಅವರೂ ಅಷ್ಟೇ.”

“ನಿಮಗೆ ಇದರಿಂದ ಏನೂ ಸಿಗಲಿಲ್ಲವಲ್ಲ ಅಣ್ಣ.”

“ಲಾಳಿ ಮಾರ್ತೀನಿ, ದಾರ ಮಾರ್ತೀನಿ. ಮಗ್ಗ ನಿಂತುಹೋದ್ರೆ ಅದನ್ನೆಲ್ಲ ಯಾರು ತಗೋತಾರೆ?”

“ಉಳಿದ ನಲವತ್ತೆರಡು ಮನೆ?”

“ಯಶೋದಮ್ಮನ ಪರವಾಗಿ ನೀವು ಬಂದು ಕರೆದ್ರಿ, ಮಿಕ್ಕವರು ಕರೀಲಿಲ್ಲ,” ಎಂದರು. “ನನ್ನ ಬಿಟ್ಟು ನಿಮ್ಮ ಹತ್ರ ತಗೊಂಡ್ವಲ್ಲ ಅಂತ ನಾಚಿಕೆ ಅವರಿಗೆ. ಕರೆದಿದ್ರೆ ಹೋಗ್ತಿದ್ದೆ.”

ಬೆಂಗಳೂರಿಗೆ ಹೋದ ಮೇಲೆ ಕಂಪ್ಯೂಟರಿನಲ್ಲಿ ವರ್ಷದ ವರದಿ ತುಂಬಬೇಕಿತ್ತು. ಮತ್ತೆ ಕಟ್ಟಿದ ಪ್ರತಿ ಗಿರಾಕಿಯ ಮುಂದೆ ‘ಕಾರಣ’ ಎಂಬ ಒಂದು ಖಾನೆ. ಅದರಲ್ಲಿ ಆರಿಸಿಕೊಳ್ಳಲು ನಾಲ್ಕೇ ಪದಗಳಿದ್ದವು: ಬೆಲೆ, ಗುಣಮಟ್ಟ, ಫೋನ್ ಸೇವೆ, ಇತರೆ. ಹತ್ತೊಂಬತ್ತಕ್ಕೂ ‘ಇತರೆ’ ಎಂದು ಹಾಕಿದೆ.

ಪ್ರಸಾದ್ ಸರ್ ಕರೆದು, “ಇದೇನಿದು, ಎಲ್ಲದಕ್ಕೂ ಇತರೆ?” ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ, ನಾನು ಹೇಳಿದ ಸುಳ್ಳುಗಳನ್ನೂ ಸೇರಿಸಿ. ಅವರು ಪಟ್ಟಿಯ ಹತ್ತೊಂಬತ್ತು ಹೆಸರುಗಳನ್ನೂ ಇನ್ನೊಮ್ಮೆ ಓದಿದರು. ಆಮೇಲೆ, ಆ ಮೂರನೇ ಒಂದು ಪಾಲಿನ ಮಾತಾಡಬೇಕು ಎಂದು ನಂಜುಂಡಣ್ಣನ ನಂಬರ್ ಕೇಳಿದರು. ನನ್ನೆದುರೇ ಫೋನ್ ಮಾಡಿದರು. ಸ್ಪೀಕರಿನಲ್ಲಿ ಮೊದಲು ಕೇಳಿಸಿದ್ದು ಅಕ್ಕಪಕ್ಕದ ಮಗ್ಗಗಳ ಸದ್ದು, ಅದರ ಮೇಲೆ ಅವರ ದನಿ.

“ಯಾರೋ ಮಗ್ಗ ನಿಲ್ಸಿಕೊಂಡು ಕೂತಿದಾರೆ ಸಾರ್, ಏಣಿ ಮೇಲಿದ್ದೀನಿ. ಆಮೇಲೆ ಮಾಡ್ತೀನಿ.”

ಆಮೇಲೆ ಅವರು ಮಾಡಲಿಲ್ಲ.